ಎಕ್ಸ್‌ಟೆಂಡೆಡ್ ವಾರಂಟಿ: ಕಂಪ್ರೆಸರ್ ಅವರದು, ಗ್ಯಾಸ್ ನಮ್ಮದು

2021ರಲ್ಲಿ ಹುಬ್ಬಳ್ಳಿ ಗೋಕುಲ ರೋಡಿನ ಒಂದು ಶೋರೂಮಿನಲ್ಲಿ ಕಾರು ತಗೊಂಡೆ. ಯಾವ ಶೋರೂಮು ಅಂತ ಬರೆಯೋದಿಲ್ಲ. ಬಿಲ್ ನೋಡಿದರೆ ಸೀಟ್ ಕವರ್, ಮಡ್ ಫ್ಲ್ಯಾಪ್ ಜೊತೆಗೆ ನಾನು ಕೇಳದೇ ಇದ್ದ ಎಕ್ಸ್‌ಟೆಂಡೆಡ್ ವಾರಂಟಿಯೂ (ಕಂಪನಿ ವಾರಂಟಿ ಮುಗಿದ ಮೇಲಿನ ವರ್ಷಗಳಿಗೆ ದುಡ್ಡು ಕೊಟ್ಟು ತಗೊಳ್ಳೋ ವಾರಂಟಿ) ಬಂದು ಕೂತಿತ್ತು. ಕೇಳಿದರೆ "ಎಲ್ಲಾರೂ ತಗೋತಾರ್ರಿ ಸರ್" ಅಂದರು. ತೆಗೆಸಿಬಿಟ್ಟೆ. ಮೂರು ವರ್ಷ ಕಂಪನಿ ವಾರಂಟಿ ಇರುವಾಗ ನಾಲ್ಕನೇ ವರ್ಷದ ದುಡ್ಡು ಇವತ್ತೇ ಯಾಕೆ ಕೊಡಬೇಕು, ಅಲ್ವಾ?

ಮೂರು ವರ್ಷ ಮುಗಿಯಲು ಇಪ್ಪತ್ತು ದಿನ ಇದ್ದಾಗ ಧೈರ್ಯ ಸಾಲಲಿಲ್ಲ. ನಾನೇ ಹೋಗಿ ಮುಂದಿನ ಎರಡು ವರ್ಷಕ್ಕೆ ತಗೊಂಡೆ. 18% ಜಿಎಸ್‌ಟಿ ಸೇರಿ ಹದಿನೇಳು ಸಾವಿರ ಚಿಲ್ಲರೆ. ಮೊದಲ ದಿನವೇ ತಗೊಂಡಿದ್ದರೆ ನಾಲ್ಕು ಸಾವಿರ ಉಳೀತಿತ್ತು. ತಡಮಾಡಿದ್ದಕ್ಕೆ ದಂಡ ಅಂದುಕೊಂಡೆ.

ಕಳೆದ ಮೇ ತಿಂಗಳಲ್ಲಿ ಮದುವೆಗೆ ಅಂತ ಗದಗಿಗೆ ಹೊರಟಿದ್ದೆವು. ಅಣ್ಣಿಗೇರಿ ದಾಟುತ್ತಿದ್ದಂಗೆ ಬಾನೆಟ್ ಒಳಗೆ ಕಲ್ಲು ಉಜ್ಜಿದಂಥ ಸದ್ದು ಬಂತು, ಆಮೇಲೆ ಏಸಿಯಿಂದ ಬರೀ ಬಿಸಿ ಗಾಳಿ. ಕಿಟಕಿ ಇಳಿಸಿದರೆ ಎರೆ ಹೊಲದ ಧೂಳೆಲ್ಲ ಅವ್ವನ ಇಳಕಲ್ ಸೀರೆ ಮೇಲೆ. ಮರುದಿನ ಸರ್ವಿಸ್ ಸೆಂಟರ್‌ಗೆ ಒಯ್ದೆ. ಏಸಿಯ ಕಂಪ್ರೆಸರ್ ಹೋಗಿದೆ, ಇಪ್ಪತ್ತಾರು ಸಾವಿರ ಅಂದರು.

ವಾರಂಟಿ ಕಾಗದ ತೋರಿಸಿದೆ. ಅಡ್ವೈಸರ್ ಮೊದಲು ನನ್ನ ಸರ್ವಿಸ್ ಹಿಸ್ಟರಿ ಪೂರ್ತಿ ತೆಗೆದು ನೋಡಿದ, ಒಂದಾದರೂ ತಪ್ಪಿದೆಯಾ ಅಂತ. ಆಮೇಲೆ ಬಾನೆಟ್ ಎತ್ತಿ ಬ್ಯಾಟರಿ ಪಕ್ಕ ಟಾರ್ಚ್ ಹಿಡಿದ. ಅಲ್ಲಿ ನಾನು ಹೊರಗಡೆ ಫಾಗ್ ಲ್ಯಾಂಪ್ ಹಾಕಿಸಿದಾಗ ವೈರ್ ಕತ್ತರಿಸಿ ಕಪ್ಪು ಟೇಪ್ ಸುತ್ತಿದ ಜಾಗ ಇತ್ತು. ಅದರ ಮೂರು ಫೋಟೋ ತೆಗೆದುಕೊಂಡ. "ವೈರಿಂಗ್ ಪ್ರಾಬ್ಲಮ್ ಇದ್ದಿದ್ರ ರಿಜೆಕ್ಟ್ ಆಗ್ತಿತ್ರಿ ಸರ್, ನಿಮ್ಮ ನಸೀಬ ಛಲೋ ಐತಿ" ಅಂದ. ಆರು ನೂರು ರೂಪಾಯಿ ಲ್ಯಾಂಪಿನ ಕೆಲಸಕ್ಕೆ ಇಪ್ಪತ್ತಾರು ಸಾವಿರದ ಕ್ಲೇಮು ಹೋಗ್ತಿತ್ತು ನೋಡಿ!

ಒಪ್ಪಿಗೆ ಬಂದು ಗಾಡಿ ಕೈಗೆ ಸಿಗಲು ಒಂಬತ್ತು ದಿನ ಹಿಡಿಯಿತು. ಹೊಸ ಕಂಪ್ರೆಸರ್, ಲೇಬರ್ ಎರಡೂ ಫ್ರೀ. ಗ್ಯಾಸ್, ಆಯಿಲ್ ಮಾತ್ರ ನಮ್ಮದು, ಎರಡು ಸಾವಿರದ ಮೇಲಾಯಿತು. ಅದೇ ದಿನ ಮುಂದಿನ ಚಕ್ರದ ಸಸ್ಪೆನ್ಷನ್ ಬುಷ್ (ಕುಲುಕಾಟ ತಡೆಯೋ ರಬ್ಬರ್ ತುಂಡು) ಕೇಳಿದ್ದಕ್ಕೆ "ಅದು ಸವಕಳಿ ಸಾಮಾನ್ರಿ, ಬರೂದಿಲ್ಲ" ಅಂದ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರ್, ವೈಪರ್ ಕೂಡ ಹಂಗೇ. ನಮ್ಮ ಊರಿನ ಗುಂಡಿಗಳಲ್ಲಿ ಮೊದಲು ಹೋಗೋದು ಬುಷ್ಷೇ, ಅದೇ ಇದರಲ್ಲಿ ಇಲ್ಲ. ಇಲಿ ವೈರ್ ಕಡಿದರೆ, ಎಂಜಿನ್ ಒಳಗೆ ನೀರು ಹೊಕ್ಕರೆ ಅದು ಇನ್ಶೂರೆನ್ಸಿನ ವಿಷಯ, ವಾರಂಟಿಯವರನ್ನು ಕೇಳಿ ಪ್ರಯೋಜನ ಇಲ್ಲ.

ಹಾಗಾದರೆ ನಷ್ಟವಾಯಿತಾ? ಇಲ್ಲ, ಒಂದೇ ಕ್ಲೇಮಿನಲ್ಲಿ ಕಟ್ಟಿದ ದುಡ್ಡು ಬಂತು. ಆದರೆ ಹದಿನೇಳು ಸಾವಿರವೇ ಇದರ ಪೂರ್ತಿ ಬೆಲೆ ಅಂತ ತಿಳಿಯಬೇಡಿ. ವಾರಂಟಿ ಉಳಿಯಬೇಕಾದರೆ ಎಲ್ಲ ಸರ್ವಿಸೂ ಕಂಪನಿ ಸೆಂಟರಿನಲ್ಲೇ, ಟೈಮಿಗೆ ಸರಿಯಾಗಿ ಆಗಬೇಕು. ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಹಳೇ ಮೆಕ್ಯಾನಿಕ್ ನಾಲ್ಕೂವರೆ ಸಾವಿರಕ್ಕೆ ಮಾಡುತ್ತಿದ್ದ ಸರ್ವಿಸಿಗೆ ಅಲ್ಲಿ ಒಂಬತ್ತು. ಮೇಲೆ ಥ್ರಾಟಲ್ ಕ್ಲೀನಿಂಗ್, ಏಸಿ ಡಿಸ್‌ಇನ್‌ಫೆಕ್ಷನ್ ಅಂತ ಸುಮ್ನೆ ಎರಡು ಸಾಲು ಸೇರಿಸಿರುತ್ತಾರೆ. ಮಾಡೋ ಕೆಲಸ ಬರೆದ ಜಾಬ್ ಕಾರ್ಡಿಗೆ ಸೈನ್ ಹಾಕೋ ಮುಂಚೆ ಅವನ್ನು ಹೊಡೆದು ಹಾಕಿಸಿ, ಅದರಿಂದ ವಾರಂಟಿಗೆ ಏನೂ ಆಗೋದಿಲ್ಲ.

ಆಟೋಮ್ಯಾಟಿಕ್ ಗೇರು, ಟರ್ಬೊ, ದೊಡ್ಡ ಟಚ್‌ಸ್ಕ್ರೀನ್ ಇರೋ ಗಾಡಿಯಾದರೆ ಕಣ್ಣು ಮುಚ್ಚಿ ತಗೊಳ್ಳಿ. ಸಾದಾ ಪೆಟ್ರೋಲ್ ಗಾಡಿ, ಹುಬ್ಬಳ್ಳಿ-ಧಾರವಾಡ ಓಡಾಟ ಅಷ್ಟೇ ಅಂದರೆ ನಾನಂತೂ ಇನ್ನೊಮ್ಮೆ ಯೋಚಿಸ್ತೀನಿ. ತಗೊಂಡರೂ ಕಾರಿನ ಕಂಪನಿಯದ್ದೇ ತಗೊಳ್ಳಿ. ಕೆಲವು ಕಡೆ ಅದೇ ಹೆಸರಲ್ಲಿ ಬೇರೆಯವರ ಪಾಲಿಸಿ ಮಾರುತ್ತಾರೆ. ಸರ್ಟಿಫಿಕೇಟಿನ ಕೆಳಗೆ ಯಾರ ಹೆಸರಿದೆ ನೋಡಿ, ಏನೇನು ಬರೋದಿಲ್ಲ ಅನ್ನೋ ಪಟ್ಟಿ ದುಡ್ಡು ಕೊಡೋ ಮೊದಲೇ ಇಸ್ಕೊಳ್ಳಿ. ನನಗೆ ಅದು ಕೊಟ್ಟಿದ್ದು ಕ್ಲೇಮಿನ ದಿನ.

ಹಳೇ ಮೆಕ್ಯಾನಿಕ್ ಮೊನ್ನೆ ಚಹಾದ ಅಂಗಡಿಯಲ್ಲಿ ಸಿಕ್ಕಿ "ಗಾಡಿ ಈ ಕಡೆ ಬರವಲ್ದಲ್ರಿ" ಅಂದ. ವಾರಂಟಿ ಮುಗಿಯೋ ತಾರೀಖು ಹೇಳಿ ಬಂದಿದ್ದೇನೆ.