ಥೀಸಿಸ್ ಬರೆಯೋಕೆ ಕೈ ಓಡದವರಿಗೆ ಗೂಗಲ್ ಡಾಕ್ಸ್ ವಾಯ್ಸ್ ಟೈಪಿಂಗ್ ಹೇಗಿದೆ?

ಕನ್ನಡದಲ್ಲಿ ಪಿಎಚ್‌ಡಿ ಮಾಡುವವರಿಗೆ, ಎಂ.ಎ. ಪ್ರಾಜೆಕ್ಟ್ ಬರೆಯುವವರಿಗೆ ಅಂತಲೇ ಈ ರಿವ್ಯೂ. ಮಾತಾಡಿದ್ದನ್ನು ಟೈಪ್ ಮಾಡುವ ಈ ಸೌಲಭ್ಯ ಕನ್ನಡಕ್ಕೂ ಇದೆ, ಅದೂ ಪುಕ್ಕಟೆ. ಆದರೂ ನಮ್ಮ ಹಾಸ್ಟೆಲ್‌ನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್ ತೆರೆಯಿರಿ, ಡಾಕ್ಸ್‌ನ ಟೂಲ್ಸ್ ಮೆನುವಿನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ, ಭಾಷೆ ಕನ್ನಡ ಅಂತ ಆರಿಸಿ. ಮೈಕ್ ಒತ್ತಿ ಮಾತಾಡಿ, ಅಷ್ಟೇ. ನೆಟ್ ಮಾತ್ರ ಇರಬೇಕು.

ನಾನು ಇದನ್ನು ಹೊಗಳುತ್ತಿರುವುದು ಸ್ಪೀಡಿಗಾಗಿ ಅಲ್ಲ. ನಮ್ಮಲ್ಲಿ ಬರವಣಿಗೆ ನಿಲ್ಲುವುದು ವಿಷಯ ಗೊತ್ತಿಲ್ಲದೆ ಅಲ್ಲವಲ್ಲ. ನನ್ನ ಗೆಳೆಯನೊಬ್ಬ ಸ್ವಸಹಾಯ ಸಂಘಗಳ ಬಗ್ಗೆ ಥೀಸಿಸ್ ಬರೆಯುತ್ತಿದ್ದಾನೆ. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾನೆ, ಆದರೆ ರೂಮಿಗೆ ಬಂದು ಫೈಲ್ ತೆರೆದರೆ ‘ಪ್ರಸ್ತುತ ಅಧ್ಯಯನವು’ ಅಂತ ಟೈಪ್ ಮಾಡಿ, ಅಳಿಸಿ, ‘ಈ ಅಧ್ಯಯನದ ಮುಖ್ಯ ಉದ್ದೇಶವು’ ಅಂತ ಮಾಡಿ, ಅದನ್ನೂ ಅಳಿಸಿ, ಕೊನೆಗೆ ರೀಲ್ಸ್ ನೋಡುತ್ತಾ ಮಲಗುತ್ತಾನೆ. ಗೈಡ್ ಬೆನ್ನ ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸಿದರೆ ಯಾರಿಗೆ ತಾನೇ ಬರೆಯೋಕಾಗುತ್ತೆ?

ಅವನಿಗೆ ಇದನ್ನು ಹಚ್ಚಿಕೊಟ್ಟೆ. ಪರದೆ ಮೇಲೆ ಬಂದದ್ದು ಹೀಗೆ: ‘ಏನಪ್ಪಾ ಅಂದ್ರೆ ಇಲ್ಲಿ ಹೆಂಗಸರು ಸಂಘದ ಸಾಲ ತಗೊಂಡು ಮೊದಲು ಮಾಡೋದು ಹಳೇ ಕೈಸಾಲ ತೀರಿಸೋದು’. ಅವನ ಫೀಲ್ಡ್‌ವರ್ಕಿನ ತಿರುಳೇ ಅದು, ಆದರೆ ಅಲ್ಲಿವರೆಗೆ ಅವನ ಫೈಲಿನಲ್ಲಿ ಎಲ್ಲೂ ಇರಲಿಲ್ಲ! ‘ಏನಪ್ಪಾ ಅಂದ್ರೆ’ ತೆಗೆದು ಕ್ರಿಯಾಪದ ಸರಿ ಮಾಡಿದರೆ ಗೈಡ್‌ಗೆ ತೋರಿಸಬಹುದು. ಬಾಯಲ್ಲಿ ಹೇಳಿ ಅಳಿಸುವ ಆಜ್ಞೆಗಳು ಇಂಗ್ಲಿಷಿಗೆ ಮಾತ್ರ, ಕನ್ನಡಕ್ಕಿಲ್ಲ. ಕೊರತೆಯೇ ಇರಬಹುದು, ಬ್ಯಾಕ್‌ಸ್ಪೇಸ್ ಚಟ ಇರುವವರಿಗೆ ಮಾತ್ರ ಇದೇ ವರ.

ಇನ್ನೊಂದು ಲಾಭ ಇದೆ. ಕೃತಿಚೌರ್ಯ ತಡೆಯೋಕೆ ಯುಜಿಸಿ ಮಾಡಿದ 2018ರ ನಿಯಮದಲ್ಲಿ, ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದು ದಾಟಿದರೆ ತಲೆನೋವು ಶುರು. ಆ ಭಯಕ್ಕೇ ಒಂದು ವಾಕ್ಯವನ್ನು ನಾಲ್ಕು ಸಲ ತಿರುಚುವವರನ್ನು ನೋಡಿದ್ದೇನೆ. ಪುಸ್ತಕ ಮುಚ್ಚಿಟ್ಟು ಬಾಯಲ್ಲಿ ಹೇಳಿ ನೋಡಿ, ವಾಕ್ಯ ನಿಮ್ಮದೇ ಆಗಿರುತ್ತೆ. ಆಕರದ ಹೆಸರು ಹಾಕೋದು ಮಾತ್ರ ಮರೀಬೇಡಿ.

ಇನ್ನು ಬೈಗುಳ. ಕನ್ನಡದಲ್ಲಿ ‘ಪೂರ್ಣವಿರಾಮ’ ಅಂದರೆ ಚುಕ್ಕಿ ಬೀಳಲ್ಲ. ಎರಡು ಪುಟ ಮಾತಾಡಿದರೆ ಎರಡು ಪುಟದ ಒಂದೇ ವಾಕ್ಯ. ಚುಕ್ಕಿ, ಅಲ್ಪವಿರಾಮ ಎಲ್ಲ ಕೈಯಲ್ಲೇ ಹಾಕಬೇಕು. ಬರುವುದು ಯೂನಿಕೋಡ್‌ನಲ್ಲಿ, ನಿಮ್ಮ ವಿಭಾಗದವರು ಹಳೇ ನುಡಿ ಫಾಂಟ್ ಕೇಳಿದರೆ ಕನ್ವರ್ಟ್ ಮಾಡಿ ಒತ್ತಕ್ಷರ ಒಂದೊಂದನ್ನೂ ನೋಡಬೇಕು. ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ಮಾತಾಡಿಕೊಳ್ಳೋಕೆ ನಾಚಿಕೆಯಾದರೆ ಮೊಬೈಲ್‌ನಲ್ಲಿ ಜಿಬೋರ್ಡ್ ಅನ್ನೋ ಗೂಗಲ್ ಕೀಬೋರ್ಡಿನ ಮೈಕ್ ಸಾಕು, ಕ್ಯಾಂಪಸ್ಸಿನಲ್ಲಿ ನಡೆಯುತ್ತಾ ಹೇಳಿ. ನೋಡಿದವರು ಫೋನಿನಲ್ಲಿದ್ದಾನೆ ಅಂದ್ಕೋತಾರೆ.

ನಿದ್ದೆ, ಊಟ ಬಿಡುವಷ್ಟು ಗಾಬರಿ ಇದ್ದರೆ ಸಾಫ್ಟ್‌ವೇರ್ ನಂಬಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲ ಕರಡಿಗೆ ಮಾತ್ರ ಅಂದುಕೊಂಡು ಬಳಸುವುದಾದರೆ ಐದಕ್ಕೆ ನಾಲ್ಕು. ಆ ಒಂದು ಚುಕ್ಕಿ ಬೀಳುವಂತೆ ಮಾಡಿದ ದಿನ ಐದೂ ಕೊಡ್ತೀನಿ.