ಪ್ರಯೋಗದ ಫೋಟೋ: ಮೊದಲು ಕೇಳಬೇಕಾ, ಮೊದಲು ಹೇಳಬೇಕಾ?

ಗೆಳೆಯರು ಪ್ರಯೋಗ ಮಾಡಿದ ಫೋಟೋ ತೋರಿಸಿ "ಹೆಂಗೈತಿ ಹೇಳು" ಅಂದಾಗ ಎರಡು ದಾರಿ ಇವೆ. "ಏನು ಮಾಡೋಕೆ ಹೊರಟಿದ್ದೆ?" ಅಂತ ಮೊದಲೇ ಕೇಳಬಹುದು. ಇಲ್ಲಾ, ಏನೂ ಕೇಳದೆ ಕಂಡದ್ದನ್ನು ಹೇಳಬಹುದು.

ನನಗೆ ಎರಡನೆಯದೇ ಹೆಚ್ಚು ಇಷ್ಟ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಗೆಳತಿಯೊಬ್ಬಳು ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಅರ್ಧ ಸೆಕೆಂಡ್ ತೆರೆದಿಟ್ಟು, ಕ್ಯಾಮೆರಾವನ್ನು ಅಡ್ಡಕ್ಕೆ ಸರಿಸಿ ಫೋಟೋ ತೆಗೆದಿದ್ದಳು. ನೀರು, ದಂಡೆ, ಸಂಜೆಬೆಳಕು ಎಲ್ಲಾ ಉದ್ದ ಗೆರೆಗಳಾಗಿದ್ದವು. "ನನಗೆ ಇಳಕಲ್ ಸೀರೆಯ ಸೆರಗು ಕಾಣಸ್ತೈತಿ. ಆದ್ರ ಎಡಕ್ಕಿರೋ ಬಿಳಿ ಗೆರೆ ಕಣ್ಣು ಎಳೀತೈತಿ" ಅಂದೆ. ಅದು ಬೀದಿದೀಪದ ಗೆರೆ. ಅವಳು ಅದನ್ನು ಗಮನಿಸಿರಲೇ ಇಲ್ಲ. ಅವಳ ಉದ್ದೇಶ ಮೊದಲೇ ಗೊತ್ತಾಗಿದ್ದರೆ ನಾನೂ ಆ ಉದ್ದೇಶವನ್ನಷ್ಟೇ ಚಿತ್ರದಲ್ಲಿ ಹುಡುಕುತ್ತಿದ್ದೆ, ಅಲ್ವಾ?

ಆದರೆ ತಾಂತ್ರಿಕ ಸಹಾಯ ಬೇಕಿದ್ದರೆ ಮೊದಲು ಕೇಳಿ. ಲಕ್ಕುಂಡಿ ಗುಡಿಯ ಕಂಬಗಳ ಮೇಲೆ ಮುಖವೊಂದನ್ನು ಡಬಲ್ ಎಕ್ಸ್‌ಪೋಷರ್ ಮಾಡಿದ್ದಾರೆ (ಎರಡು ಶಾಟ್‌ಗಳನ್ನು ಒಂದೇ ಚಿತ್ರದಲ್ಲಿ ಬೆರೆಸಿದ್ದಾರೆ), ಚಿತ್ರ ಬೆಳ್ಳಗಾಗಿದೆ ಅನ್ನಿ. ಬೇಕಂತಲೇ ಹಾಗೆ ಮಾಡಿದ್ದರೆ ಸುಮ್ನಿರಿ. ಇಲ್ಲದಿದ್ದರೆ, ಎರಡೂ ಶಾಟ್‌ಗಳನ್ನು ಒಂದೊಂದು ಸ್ಟಾಪ್ ಕಡಿಮೆ ಮಾಡಿ, ಅಂದರೆ ಕ್ಯಾಮೆರಾಗೆ ಅರ್ಧದಷ್ಟೇ ಬೆಳಕು ಬಿಟ್ಟು ತೆಗೆಯಲು ಹೇಳಿ.

ಬರೀ "ಬ್ಲರ್ ಆಗಿದೆ" ಅನ್ನುವುದು ಮಾತ್ರ ಎರಡೂ ದಾರಿಯಲ್ಲಿ ಬೇಡ. ಅದು ತೆಗೆದವರಿಗೂ ಕಾಣುತ್ತದೆ.