ಹಾಟ್ ಟಬ್ಬಿನ ನೀರಿಗೆ ಕ್ಲೋರಿನ್ ಹರಳು, ಶಾಕ್ ಪುಡಿ, ಪರೀಕ್ಷಾ ಕಿಟ್: ಒಂದು ಚಳಿಗಾಲದ ಬಳಕೆಯ ವಿಮರ್ಶೆ

ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್ ಬಳಿಯ ನಮ್ಮ ಮನೆಯ ಹಿತ್ತಿಲಿನಲ್ಲಿ 380 ಗ್ಯಾಲನ್, ಅಂದರೆ ಸುಮಾರು 1,440 ಲೀಟರ್ ನೀರು ಹಿಡಿಯುವ ಹಾಟ್ ಟಬ್, ಅಂದರೆ ಬಿಸಿನೀರಿನಲ್ಲಿ ಕುಳಿತುಕೊಳ್ಳುವ ತೊಟ್ಟಿ ಇದೆ. ಅದರ ನೀರನ್ನು ಶುಚಿಯಾಗಿಡಲೆಂದು ಕಳೆದ ನವೆಂಬರಿನಲ್ಲಿ ಒಂದು ಅಂಗಡಿಯಿಂದ ಹೊಸಬರಿಗೆಂದೇ ಮಾರುವ ಪೆಟ್ಟಿಗೆಯೊಂದನ್ನು ತಂದೆ. ಅದರಲ್ಲಿ ಡೈಕ್ಲೋರ್ ಎಂಬ ಕ್ಲೋರಿನ್ ಹರಳುಗಳ ಡಬ್ಬಿ, ಕ್ಲೋರಿನ್ ಇಲ್ಲದ ಶಾಕ್ ಪುಡಿಯ ಡಬ್ಬಿ ಮತ್ತು ನೀರಿನಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷಾ ಪಟ್ಟಿಗಳ ಸೀಸೆ ಇದ್ದವು. ಡಿಸೆಂಬರ್ ಕೊನೆಯಲ್ಲಿ, ಮುಂದೆ ಹೇಳಲಿರುವ ಕಾರಣಕ್ಕೆ, ಟೇಲರ್ ಕಂಪನಿಯ ಕೆ-2006 ಪರೀಕ್ಷಾ ಕಿಟ್ಟನ್ನು ಬೇರೆಯಾಗಿ ಕೊಂಡೆ. ಈ ನಾಲ್ಕನ್ನೂ ಮಾರ್ಚ್ ಮೊದಲ ವಾರದವರೆಗೆ ಬಳಸಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಊರಿನ ಬಚ್ಚಲಿನಲ್ಲಿ ಹಂಡೆಯ ನೀರು ಮೈಮೇಲೆ ಬಿದ್ದ ಕೂಡಲೇ ಹರಿದು ಹೋಗುತ್ತದೆ. ಹಾಟ್ ಟಬ್ಬಿನದು ಹಾಗಲ್ಲ. ನವೆಂಬರಿನಲ್ಲಿ ಇಳಿದವರ ಬೆವರನ್ನು ಯಾವುದಾದರೂ ರಾಸಾಯನಿಕ ಸುಟ್ಟುಹಾಕದಿದ್ದರೆ ಅದು ಫೆಬ್ರವರಿಯಲ್ಲೂ ಅಲ್ಲಿಯೇ ಇರುತ್ತದೆ. ಮಿನೆಸೋಟಾದ ಜನವರಿಯಲ್ಲಿ ಟಬ್ಬನ್ನು ಖಾಲಿ ಮಾಡಿದರೆ ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಕೊಳವೆಯೇ ಸೀಳಬಹುದಾದ್ದರಿಂದ, ಚಳಿ ಬಲಿಯುವ ಮೊದಲು ತುಂಬಿದ ನೀರನ್ನೇ ಚಳಿ ಇಳಿಯುವವರೆಗೆ ಕಾಪಾಡಿಕೊಳ್ಳಬೇಕಾಗುತ್ತದೆ. ನೀರು ಬದಲಿಸಲು ರೂಢಿಯಲ್ಲಿರುವ ಲೆಕ್ಕವೆಂದರೆ, ಗ್ಯಾಲನ್ನುಗಳನ್ನು 3ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಮತ್ತೆ ಭಾಗಿಸುವುದು. ವಾರಕ್ಕೆ ಮೂರು ನಾಲ್ಕು ಸಂಜೆ ಇಬ್ಬರು ಇಳಿಯುವ ನಮ್ಮ ಮನೆಯಲ್ಲಿ ಸರಾಸರಿ ದಿನಕ್ಕೆ ಒಬ್ಬರೆಂದು ಹಿಡಿದರೆ 126 ದಿನ, ಅಂದರೆ ನಾಲ್ಕು ತಿಂಗಳು. ಲೆಕ್ಕ ಸರಿಯಾಗಿಯೇ ಕೂಡಿಬರುತ್ತದೆ, ಆದರೆ ಆ ನಾಲ್ಕು ತಿಂಗಳೂ ನೀರಿನಲ್ಲಿ ಸೋಂಕುನಾಶಕ ತಪ್ಪದೆ ಇದ್ದರೆ ಮಾತ್ರ. ನ್ಯುಮೋನಿಯಾ ತರಬಲ್ಲ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದು 25ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ. ಟಬ್ಬಿನ ಗರಿಷ್ಠ ಮಿತಿಯಾದ 40 ಡಿಗ್ರಿ ಸರಿಯಾಗಿ ಆ ವ್ಯಾಪ್ತಿಯೊಳಗೆ ಬೀಳುತ್ತದೆ. ಆದ್ದರಿಂದಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯು, ಹಾಟ್ ಟಬ್ಬಿನಲ್ಲಿ ಕ್ಲೋರಿನ್ ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಮೂರು ಪಾಲು) ಅಥವಾ ಬ್ರೋಮಿನ್ ಕನಿಷ್ಠ 4 ಪಿಪಿಎಂ ಇರಬೇಕು, ನೀರಿನ ಆಮ್ಲೀಯತೆಯ ಅಳತೆಯಾದ ಪಿಎಚ್ 7.0ರಿಂದ 7.8ರ ನಡುವೆ ಇರಬೇಕು ಎನ್ನುತ್ತದೆ.

ಮೊದಲು ಶಾಕ್ ಪುಡಿಯ ವಿಷಯ, ಏಕೆಂದರೆ ನಾನು ತಪ್ಪು ಮಾಡಿದ್ದು ಅಲ್ಲಿ. ಪೊಟ್ಯಾಸಿಯಂ ಮಾನೊಪರ್‌ಸಲ್ಫೇಟ್ ಎಂಬ ಈ ಪುಡಿಗೆ ವಾಸನೆಯಿಲ್ಲ, ಬೇಗ ಕರಗುತ್ತದೆ, ಹಾಕಿದ ಕಾಲು ಗಂಟೆಯಲ್ಲಿ ನೀರಿಗೆ ಇಳಿಯಬಹುದು ಎಂದು ಲೇಬಲ್ ಹೇಳುತ್ತದೆ. ವಾರಕ್ಕೊಮ್ಮೆ ಇದನ್ನು ಹಾಕಿದರೆ ಕ್ಲೋರಿನ್ ಹೆಚ್ಚು ಬೇಕಾಗುವುದಿಲ್ಲವೆಂದು ಅಂಗಡಿಯವರು ಹೇಳಿದ್ದರು. ಡಿಸೆಂಬರಿನಲ್ಲಿ ಹಾಸನದಿಂದ ನಮ್ಮ ಅಮ್ಮ ಬಂದಿದ್ದರು. ಮಂಡಿನೋವಿಗೆ ಬಿಸಿನೀರು ಹಿತವೆಂದು ದಿನವೂ ಟಬ್ಬಿಗೆ ಇಳಿಯುತ್ತಿದ್ದ ಅವರು, "ಆ ಔಷಧಿ ವಾಸನೆ ನನಗೆ ತಡೆಯೋದಿಲ್ಲ ಕಣಪ್ಪ" ಎಂದದ್ದಕ್ಕೆ ನಾನು ಹತ್ತು ದಿನ ಡೈಕ್ಲೋರ್ ನಿಲ್ಲಿಸಿ ಶಾಕ್ ಪುಡಿಯನ್ನಷ್ಟೇ ಹಾಕಿದೆ. ನೀರು ತಿಳಿಯಾಗಿಯೇ ಇತ್ತು, ತಳದ ತಿರುಪು ಮೊಳೆಯೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಹನ್ನೊಂದನೆಯ ದಿನ ಅಮ್ಮನ ಬೆನ್ನು ಸೊಂಟದ ಮೇಲೂ ಮಗಳ ತೊಡೆಯ ಮೇಲೂ ಕೆಂಪು ಗುಳ್ಳೆಗಳೆದ್ದವು. ಈಜುಡುಗೆ ಒತ್ತಿಕೊಂಡಿದ್ದ ಜಾಗದಲ್ಲಿ ಅವು ಹೆಚ್ಚಾಗಿದ್ದುದನ್ನು ನೋಡಿದ ವೈದ್ಯರು, ಇದು ಹಾಟ್ ಟಬ್ಬಿನ ನೀರಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಮಕೂಪಗಳಿಗೆ ಹೊಕ್ಕು ಆಗುವ ಸೋಂಕು ಎಂದರು. ವಾರದೊಳಗೆ ತಾನಾಗಿಯೇ ವಾಸಿಯಾಯಿತು. ಎಪ್ಪತ್ತು ದಾಟಿದ ಅಮ್ಮನಿಗೆ ಇದಕ್ಕಿಂತ ದೊಡ್ಡದೇನೂ ಆಗಲಿಲ್ಲವಲ್ಲ ಎಂಬ ಸಮಾಧಾನ ಇಂದಿಗೂ ಇದೆ.

ಆ ರಾತ್ರಿ ಎರಡೂ ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ವ್ಯತ್ಯಾಸ ತಿಳಿಯಿತು. ಅಮೆರಿಕದಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಂದು ಹೇಳಿಕೊಂಡು ಮಾರುವ ಟಬ್ಬಿನ ಔಷಧಿಗೆ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ನೋಂದಣಿ ಸಂಖ್ಯೆ ಇರಬೇಕು. ಡೈಕ್ಲೋರ್ ಡಬ್ಬಿಯ ಮೇಲೆ ಆ ಸಂಖ್ಯೆ ಇತ್ತು, ಶಾಕ್ ಪುಡಿಯ ಡಬ್ಬಿಯ ಮೇಲೆ ಇರಲಿಲ್ಲ. ಅದು ಬೆವರು, ಎಣ್ಣೆ, ಚರ್ಮದ ಕೊಳೆಗಳನ್ನು ಉತ್ಕರ್ಷಿಸಿ ಸುಡುವ ವಸ್ತುವೇ ಹೊರತು ಸೋಂಕುನಾಶಕವಲ್ಲ. ಲೇಬಲ್ಲಿನಲ್ಲಿ ಸುಳ್ಳೇನೂ ಬರೆದಿರಲಿಲ್ಲ, ನಿಜ. ಆದರೆ 'ಶಾಕ್' ಎಂಬ ಒಂದೇ ಪದವನ್ನು ಕ್ಲೋರಿನ್ ಹೆಚ್ಚಿಸಿ ಸೋಂಕು ತೊಡೆಯುವ ಕ್ರಮಕ್ಕೂ ಈ ಪುಡಿಗೂ ಬಳಸುವುದರಿಂದ ಹೊಸಬರು ಮೋಸಹೋಗುತ್ತಾರೆ. ಸೋಂಕುನಾಶಕದ ಜೊತೆಗೇ ಬಳಸಬೇಕೆಂಬ ಸಾಲನ್ನು ಡಬ್ಬಿಯ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟು ಹೇಳಿದ ಮೇಲೂ ಆ ಪುಡಿಯನ್ನು ನಾನು ಬಿಟ್ಟಿಲ್ಲ. ಟಬ್ಬಿನಿಂದ ಎದ್ದ ಕೂಡಲೇ ಸ್ವಲ್ಪ ಹಾಕಿದರೆ ಮೈಯಿಂದ ಬಿಟ್ಟ ಕೊಳೆಯ ಬಹುಭಾಗವನ್ನು ಅದೇ ಸುಡುತ್ತದೆ, ಕ್ಲೋರಿನ್ ರೋಗಾಣುಗಳಿಗೆಂದು ಉಳಿಯುತ್ತದೆ. ಅಮ್ಮನಿಗೆ ತಡೆಯಲಾಗದಿದ್ದ ಆ ಘಾಟು ಸಹ ಬಹುಮಟ್ಟಿಗೆ ಕ್ಲೋರಿನ್ನಿನದಲ್ಲ. ಕ್ಲೋರಿನ್ ಬೆವರಿನ ಸಾರಜನಕದೊಡನೆ ಕೂಡಿ ಆಗುವ ಕ್ಲೋರಮೈನ್‌ಗಳದು. ಅಂದರೆ ಘಾಟು ಬಂದಾಗ ಕ್ಲೋರಿನ್ ನಿಲ್ಲಿಸುವುದಲ್ಲ, ಇನ್ನಷ್ಟು ಹಾಕಿ ಆ ಕೂಡಿಕೆಯನ್ನು ಒಡೆಯಬೇಕಿತ್ತು. ಪುಡಿ ಆಮ್ಲೀಯವಾದ್ದರಿಂದ ಪಿಎಚ್ ಇಳಿಯುತ್ತದೆ ಎಂಬುದನ್ನೂ ಬಳಸುವವರು ಗಮನದಲ್ಲಿಡಬೇಕು.

ಡೈಕ್ಲೋರ್ ಹರಳುಗಳ ಬಗ್ಗೆ ಮೊದಲ ತಿಂಗಳು ದೂರುವಂಥದ್ದೇನೂ ಕಾಣಲಿಲ್ಲ. ಶೇಕಡ 56ರಷ್ಟು ಕ್ಲೋರಿನ್ ಕೊಡುವ ಈ ಹರಳು ನಮ್ಮ ಟಬ್ಬಿಗೆ 2.6 ಗ್ರಾಂ ಬಿದ್ದರೆ 1 ಪಿಪಿಎಂ ಏರುತ್ತದೆ. ನೀರು ಚಿಮ್ಮಿಸುವ ಜೆಟ್ಟುಗಳನ್ನು ನಾಲ್ಕೈದು ನಿಮಿಷ ಓಡಿಸಿದರೆ ಪೂರ್ತಿ ಕರಗುತ್ತದೆ, ತಳದಲ್ಲಿ ಗಸಿ ನಿಲ್ಲುವುದಿಲ್ಲ. ಇದರ ತೊಂದರೆ ನಿಧಾನವಾಗಿ ಬರುವಂಥದ್ದು. ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆಗೆ 9 ಪಿಪಿಎಂ ಸಯನ್ಯೂರಿಕ್ ಆಮ್ಲವೂ ನೀರು ಸೇರುತ್ತದೆ. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಈ ಆಮ್ಲ ಮಾತ್ರ ನೀರನ್ನು ಬದಲಿಸುವವರೆಗೂ ಕೂಡಿಕೊಳ್ಳುತ್ತಲೇ ಹೋಗುತ್ತದೆ, ಮತ್ತು ಕ್ಲೋರಿನ್ನನ್ನು ತನ್ನೊಂದಿಗೆ ಕಟ್ಟಿಟ್ಟುಕೊಂಡು ಅದರ ಕೊಲ್ಲುವ ವೇಗವನ್ನು ತಗ್ಗಿಸುತ್ತದೆ. ಒಬ್ಬರು ಒಂದು ಗಂಟೆ ಕುಳಿತರೆ, ಅಥವಾ ಇಬ್ಬರು ಅರ್ಧರ್ಧ ಗಂಟೆ ಕುಳಿತರೆ, ಮೂರೂವರೆ ಟೀ ಚಮಚ ಡೈಕ್ಲೋರ್ ಬೇಕೆಂಬುದು ಅನುಭವಸ್ಥರ ಲೆಕ್ಕ. ನಮ್ಮ ಟಬ್ಬಿನಲ್ಲಿ ಅದು ಸುಮಾರು 6.5 ಪಿಪಿಎಂ. ವಾರಕ್ಕೆ ಮೂರು ಸಂಜೆಯೆಂದರೆ ಕ್ಲೋರಿನ್ 20, ಆಮ್ಲ 18; ಆರು ವಾರದಲ್ಲಿ ಆಮ್ಲ 100 ದಾಟಿತು. ಪರೀಕ್ಷಾ ಪಟ್ಟಿಯಲ್ಲಿ ಕ್ಲೋರಿನ್ 3 ಎಂದು ಕಾಣುತ್ತಿದ್ದರೂ ನೀರು ಆಗಾಗ ಕದಡುತ್ತಿದ್ದುದರ ಕಾರಣ ಆಮೇಲೆ ಅರ್ಥವಾಯಿತು.

ಇದು ಗೊತ್ತಾದದ್ದು ಕೆ-2006ರಿಂದ. ಸಯನ್ಯೂರಿಕ್ ಆಮ್ಲವನ್ನು ಅಳೆಯುವ ಅದರ ಕ್ರಮ ಬಹಳ ಸರಳ: ಟಬ್ಬಿನ ನೀರಿಗೆ ರೀಏಜೆಂಟ್ ಎಂಬ ಪರೀಕ್ಷಾ ದ್ರವ ಬೆರೆಸಿದರೆ ಅದು ಮಜ್ಜಿಗೆಯ ತಿಳಿಯಂತೆ ಮಬ್ಬಾಗುತ್ತದೆ, ಆ ಮಬ್ಬು ನೀರನ್ನು ತಳದಲ್ಲಿ ಕಪ್ಪು ಚುಕ್ಕೆಯಿರುವ ನಳಿಕೆಗೆ ಚುಕ್ಕೆ ಮರೆಯಾಗುವವರೆಗೆ ಸುರಿದು, ನೀರು ನಿಂತ ಗೆರೆಯನ್ನು ಓದಬೇಕು. ನಮ್ಮ ನೀರಿನಲ್ಲಿ ಚುಕ್ಕೆ 100ರ ಗೆರೆ ತಲುಪುವ ಮೊದಲೇ ಮಾಯವಾಯಿತು. ಅರ್ಧ ನಲ್ಲಿ ನೀರು ಬೆರೆಸಿ ಮತ್ತೆ ಅಳೆದು ಇಮ್ಮಡಿಸಿದಾಗ ಸಿಕ್ಕಿದ್ದು 120. ಕ್ಲೋರಿನ್ ಅಳತೆಯೂ ಅಷ್ಟೇ ಸ್ಪಷ್ಟ. ಕಿಟ್ಟಿನ ಪುಡಿ ಹಾಕಿದಾಗ ಗುಲಾಬಿಯಾಗುವ ನೀರಿಗೆ ಹನಿ ಹನಿಯಾಗಿ ದ್ರಾವಣ ಬಿಟ್ಟು, ಬಣ್ಣ ಹೋಗುವವರೆಗೆ ಹನಿಗಳನ್ನು ಎಣಿಸುವುದು. 10 ಮಿಲಿಲೀಟರ್ ನೀರು ತೆಗೆದುಕೊಂಡರೆ ಹನಿಗೆ 0.5 ಪಿಪಿಎಂ, 25 ತೆಗೆದುಕೊಂಡರೆ 0.2. ಎರಡು ಗುಲಾಬಿ ಛಾಯೆಗಳ ನಡುವೆ ಕಣ್ಣು ಕಿರಿದು ಮಾಡಿ ತೀರ್ಮಾನಿಸುವ ಪಟ್ಟಿಯ ಕಷ್ಟ ಇಲ್ಲಿಲ್ಲ. ಕಿಟ್ಟಿನ ಬೆಲೆ ಪರೀಕ್ಷಾ ಪಟ್ಟಿಗಳದಕ್ಕಿಂತ ಹಲವು ಪಟ್ಟು, ಒಂದು ಸಲದ ಪರೀಕ್ಷೆಗೆ ಹತ್ತು ನಿಮಿಷ ಬೇಕು, ಮೈನಸ್ ಡಿಗ್ರಿಯ ಹಿತ್ತಿಲಿನಲ್ಲಿ ನಿಂತು ಮಾಡುವ ಕೆಲಸವಲ್ಲವಾದ್ದರಿಂದ ನೀರನ್ನು ಅಡಿಗೆಮನೆಗೆ ತಂದುಕೊಳ್ಳಬೇಕು. ಇನ್ನೊಂದು ತೊಡಕೂ ಇದೆ. ಶಾಕ್ ಪುಡಿ ಹಾಕಿದ ನೀರಿನಲ್ಲಿ ಆ ಪುಡಿಯೇ ಕೂಡಿಕೆಯ ಕ್ಲೋರಿನ್ (ಕ್ಲೋರಮೈನ್) ಎಂಬಂತೆ ತೋರುತ್ತದೆ. ಅದನ್ನು ನಿವಾರಿಸುವ ರೀಏಜೆಂಟನ್ನು ಬೇರೆ ಕೊಳ್ಳಬೇಕು. ಆದರೂ ಈ ಚಳಿಗಾಲದಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಲೆ ತಂದುಕೊಟ್ಟದ್ದು ಇದೊಂದೇ.

ಜನವರಿಯಲ್ಲಿ ಚಳಿ ಸ್ವಲ್ಪ ಸಡಿಲಿದ ಒಂದು ಮಧ್ಯಾಹ್ನ ಅರ್ಧ ನೀರು ತೆಗೆದು ಹೊಸ ನೀರು ತುಂಬಿದೆ. ಆಮ್ಲ 60ಕ್ಕೆ ಇಳಿಯಿತು. ಅಲ್ಲಿಂದ ಮುಂದೆ ಡೈಕ್ಲೋರ್ ಬಿಟ್ಟು, ಪರಿಮಳವಾಗಲಿ ಗಟ್ಟಿಮಾಡುವ ದ್ರವ್ಯವಾಗಲಿ ಬೆರೆಸದ ಸಾದಾ ಬ್ಲೀಚ್ ದ್ರವ ಬಳಸಿದೆ, ಏಕೆಂದರೆ ಅದರಿಂದ ಈ ಆಮ್ಲ ಒಂದಿಷ್ಟೂ ಸೇರುವುದಿಲ್ಲ. ಇಬ್ಬರು ಕುಳಿತೆದ್ದ ಸಂಜೆಗೆ ಶೇಕಡ 6ರ ಬ್ಲೀಚ್ ಸುಮಾರು 150 ಮಿಲಿಲೀಟರ್. ಘಾಟು ಬಂದ ದಿನ ಕ್ಲೋರಿನ್ನನ್ನು 10 ಪಿಪಿಎಂ ಏರಿಸುವ ಶಾಕ್‌ಗೆ ಒಂದು ಕಪ್ಪಿಗೆ ತುಸು ಕಡಿಮೆ. ಶಾಕ್ ಮಾಡಿದ ಮೇಲೆ ಅರ್ಧ ಗಂಟೆಯಾದರೂ ಮುಚ್ಚಳ ತೆರೆದಿಡಬೇಕು, ಇಲ್ಲದಿದ್ದರೆ ಆವಿ ಮುಚ್ಚಳದ ಒಳಮೈಯನ್ನೂ ತಲೆದಿಂಬುಗಳನ್ನೂ ತಿಂದುಹಾಕುತ್ತದೆ. ಹಾಟ್ ಟಬ್ಬುಗಳಲ್ಲಿ ಸಯನ್ಯೂರಿಕ್ ಆಮ್ಲವಿರುವ ಕ್ಲೋರಿನ್ ಬಳಸಲೇಬಾರದೆಂದು ಸಿಡಿಸಿ ಹೇಳುತ್ತದೆ. ಮನೆಯ ಟಬ್ಬುಗಳನ್ನು ಬಹುಕಾಲ ನೋಡಿಕೊಂಡ ಹಲವರು, ಕ್ಲೋರಿನ್ನಿನ ಬಿರುಸು ತಗ್ಗಲು ಆ ಆಮ್ಲ 30 ಪಿಪಿಎಂನಷ್ಟು ಇರಲಿ, ಅದಕ್ಕಿಂತ ಹೆಚ್ಚು ಬೇಡ ಎನ್ನುತ್ತಾರೆ. ನಾನು ಎರಡನೆಯ ಕ್ರಮವನ್ನು ಅನುಸರಿಸಲಿದ್ದೇನೆ, ಆದರೆ ಕ್ಲೋರಿನ್ನನ್ನು 3ಕ್ಕೆ ತಂದು ನಿಲ್ಲಿಸದೆ ಸದಾ 4ರ ಮೇಲಿಟ್ಟುಕೊಂಡು.

ನಮ್ಮವರಿಗೆಂದೇ ಒಂದು ಮಾತು. ಕೊಬ್ಬರಿ ಎಣ್ಣೆ ಹಚ್ಚಿದ ತಲೆ, ಹರಳೆಣ್ಣೆ ತಿಕ್ಕಿದ ಮಂಡಿ ಟಬ್ಬಿಗೆ ಇಳಿದರೆ ಆ ಎಣ್ಣೆಯೆಲ್ಲ ಕ್ಲೋರಿನ್ನಿನ ಪಾಲಿಗೆ ಬರುತ್ತದೆ, ನೀರಿನ ಮೇಲೆ ನೊರೆ ನಿಲ್ಲುತ್ತದೆ. ಸೋಪು ಹಚ್ಚಿ ಸ್ನಾನ ಮಾಡಿ, ಚೆನ್ನಾಗಿ ತೊಳೆದುಕೊಂಡು ಇಳಿಯುವುದನ್ನು ಮನೆಯಲ್ಲಿ ನಿಯಮ ಮಾಡಿದ ಮೇಲೆ ನಮ್ಮಲ್ಲಿ ಬ್ಲೀಚಿನ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿದಿದೆ.

ಮಾರ್ಚಿನಲ್ಲಿ ನೀರು ಖಾಲಿ ಮಾಡುವ ಮೊದಲು ಕೊಳವೆ ತೊಳೆಯುವ ಔಷಧಿ ಹಾಕಿ ಜೆಟ್ ಓಡಿಸಿದಾಗ, ತಿಳಿಯಾಗಿದ್ದ ಆ ನೀರಿನ ಅಂಚಿಗೆ ಕಂದು ಲೋಳೆ ಬಂದು ಕಟ್ಟಿಕೊಂಡಿತು. ಈ ಲೋಳೆಯ ಪದರದೊಳಗೆ ಅಡಗಿದ ಬ್ಯಾಕ್ಟೀರಿಯಾಗಳನ್ನು ಸಾಮಾನ್ಯ ಮಟ್ಟದ ಕ್ಲೋರಿನ್ ಮುಟ್ಟುವುದು ಕಷ್ಟ, ಹಾಗಾಗಿ ಹೊಸಬರ ಪೆಟ್ಟಿಗೆಯಲ್ಲಿ ಪಟ್ಟಿಗಳ ಬದಲು ಈ ಔಷಧಿಯ ಒಂದು ಸೀಸೆ ಇಟ್ಟಿದ್ದರೆ ಹೆಚ್ಚು ಉಪಕಾರವಾಗುತ್ತಿತ್ತು.

ಡಬ್ಬಿಗಳನ್ನು ಇಡುವ ವಿಷಯದಲ್ಲಿ ಅಂಗಡಿಯವರು ಏನೂ ಹೇಳಿರಲಿಲ್ಲ, ಹೇಳಬೇಕಿತ್ತು. ಡೈಕ್ಲೋರ್ ಮತ್ತು ಈಜುಕೊಳಕ್ಕೆ ಮಾರುವ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಶಾಕ್ ಒಂದಕ್ಕೊಂದು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು; ಒಂದರ ಚಮಚವನ್ನು ಇನ್ನೊಂದಕ್ಕೆ ಹಾಕುವುದೂ ತಪ್ಪು. ಬ್ಲೀಚಿಗೆ ಪಿಎಚ್ ಇಳಿಸುವ ಪುಡಿಯಂಥ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ನಾನು ಬ್ಲೀಚನ್ನು ಗ್ಯಾರೇಜಿನ ಒಂದು ಮೂಲೆಯಲ್ಲೂ, ಡೈಕ್ಲೋರ್, ಶಾಕ್ ಪುಡಿ, ಪಿಎಚ್ ಇಳಿಸುವ ಪುಡಿಗಳನ್ನು ಅದರಿಂದ ದೂರದಲ್ಲಿ ಬೇರೆ ಬೇರೆ ಪೆಟ್ಟಿಗೆಗಳಲ್ಲೂ ಇಟ್ಟಿದ್ದೇನೆ.

ಬರುವ ನವೆಂಬರಿಗೆ ಶಾಕ್ ಪುಡಿಯ ಚಿಕ್ಕ ಡಬ್ಬಿಯನ್ನೂ ಕಿಟ್ಟಿನ ರೀಏಜೆಂಟುಗಳನ್ನೂ ಮತ್ತೆ ತರಿಸುತ್ತೇನೆ, ಪಟ್ಟಿಗಳನ್ನು ತರಿಸುವುದಿಲ್ಲ. ಹೊಸ ನೀರಿನಲ್ಲಿ ಸಯನ್ಯೂರಿಕ್ ಆಮ್ಲ 30 ತಲುಪಲು ಬೇಕಾದ ಡೈಕ್ಲೋರ್ ಒಟ್ಟು 85 ಗ್ರಾಂನಷ್ಟೇ ಆದ್ದರಿಂದ, ಡಬ್ಬಿಯಲ್ಲಿ ಉಳಿದಿರುವುದೇ ತೇವ ತಾಗದಿದ್ದರೆ ಮುಂದಿನ ಎರಡು ಮೂರು ಚಳಿಗಾಲಕ್ಕೆ ಸಾಕಾಗುತ್ತದೆ.